ಕಚ್ಚುವಾಗ ನೋವಾ, ಬಿಡುವಾಗ ನೋವಾ? ಊಟದ ಹೊತ್ತಿನ ಹಲ್ಲು, ದವಡೆ ನೋವನ್ನು ಪತ್ತೆ ಮಾಡುವ ಬಗೆ

ನನ್ನ ಎಡಗಡೆಯ ಕೆಳಗಿನ ದವಡೆ ಹಲ್ಲೊಂದು ಕೋಡುಬಳೆಯ ದೆಸೆಯಿಂದ ಸೀಳು ಬಿಟ್ಟಿತು. ಅದು ಸೀಳು ಅಂತ ಆಗ ಗೊತ್ತಿರಲಿಲ್ಲ. ಅನ್ನ ಸಾರು ತಿಂದರೆ ಏನೂ ಇಲ್ಲ, ಹುರಿಗಡಲೆ ಬಾಯಿಗೆ ಹಾಕಿದರೆ ಪ್ರಾಣ ಹೋಗುತ್ತಿತ್ತು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ‘ಎಲ್ಲಿ ನೋವು?’ ಅಂದರು. ತೋರಿಸಿದೆ. ಎಕ್ಸ್‌ರೇ ತೆಗೆದು, ‘ಹಲ್ಲು ಚೆನ್ನಾಗೇ ಇದೆಯಲ್ಲ’ ಅಂತ ಒಂದು ಪೇಸ್ಟ್ ಬರೆದುಕೊಟ್ಟರು. ಎರಡು ತಿಂಗಳು ಬಲಗಡೆಯಲ್ಲೇ ಅಗಿದೆ. ಆಮೇಲೆ ಸಿಕ್ಕ ಡಾಕ್ಟರು ಕೇಳಿದ್ದು ಬೇರೆ: ‘ಕಚ್ಚುವಾಗ ನೋವಾ, ಕಚ್ಚಿ ಬಿಡುವಾಗ ನೋವಾ?’

ಯೋಚಿಸಿ ನೋಡಿದೆ. ಬಿಡುವಾಗ! ಕಚ್ಚಿದಾಗ ಸೀಳು ಅಗಲವಾಗುತ್ತದೆ, ಬಿಟ್ಟ ಕೂಡಲೇ ಎರಡು ಹೋಳೂ ಟಕ್ ಅಂತ ಕೂಡಿಕೊಳ್ಳುತ್ತವೆ. ಆ ಕ್ಷಣಕ್ಕೆ ಚುಳ್ ಅನ್ನುತ್ತದೆ. ಇಂಥ ಸೀಳು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಹೇಳಬೇಕಾಗಿದ್ದವಳು ನಾನೇ, ಆದರೆ ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಹಲ್ಲು ನೋವಿನಲ್ಲಿ ‘ಎಲ್ಲಿ’ ಅನ್ನುವುದಕ್ಕಿಂತ ‘ಯಾವಾಗ, ಎಷ್ಟು ಹೊತ್ತು’ ಅನ್ನುವುದೇ ಜಾಸ್ತಿ ಹೇಳುತ್ತದೆ. ಅದನ್ನು ಮನೆಯಲ್ಲೇ ಹೇಗೆ ಗಮನಿಸುವುದು ಅಂತ ಒಂದೊಂದಾಗಿ ಬರೆಯುತ್ತೇನೆ. ನಾನು ಡಾಕ್ಟರಲ್ಲ. ಡಾಕ್ಟರ ಕುರ್ಚಿಯಲ್ಲಿ ಕೂತಾಗ ಸರಿಯಾದ ಮಾತು ಹೇಳುವುದಕ್ಕೆ ಇದು ತಯಾರಿ, ಅಷ್ಟೇ.

ಹಂತ 1: ಇದು ಕಾಯಬಹುದಾದ ನೋವು ಹೌದಾ?

ದವಡೆ ನೋವೆಲ್ಲ ಹಲ್ಲಿನದಲ್ಲ. ಮೆಟ್ಟಿಲು ಹತ್ತಿದಾಗ, ಬಿರುಸಾಗಿ ನಡೆದಾಗ ದವಡೆ ನೋಯುತ್ತದೆ, ಕೂತರೆ ಹೋಗುತ್ತದೆ ಅಂದರೆ ಅದು ಹೃದಯದ ಕಡೆಯಿಂದ ಬರುತ್ತಿರಬಹುದು. ಜೊತೆಗೆ ಎದೆ ಹಿಡಿದ ಹಾಗೆ, ಬೆವರು, ತೋಳು ನೋವು, ಏದುಸಿರು ಇದ್ದರೆ ಹಲ್ಲಿನ ವಿಚಾರ ಬಿಟ್ಟು 108ಕ್ಕೆ ಫೋನ್ ಮಾಡಿ.

ಮುಖದ ಊತ ಗದ್ದದ ಕೆಳಗೆ, ಕುತ್ತಿಗೆಗೆ ಅಥವಾ ಕಣ್ಣಿನ ಕಡೆಗೆ ಹಬ್ಬುತ್ತಿದೆಯೇ? ಜ್ವರ ಇದೆಯೇ? ಜೊಲ್ಲು ನುಂಗುವುದೂ ಕಷ್ಟವೇ? ಹಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯನ್ನೇ ಒತ್ತಬಹುದು. ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಬಿದ್ದು ಪೆಟ್ಟಾಗಿ ಮೇಲಿನ, ಕೆಳಗಿನ ಹಲ್ಲು ಮೊದಲಿನಂತೆ ಕೂಡುತ್ತಿಲ್ಲ, ಅಥವಾ ದೊಡ್ಡದಾಗಿ ಆಕಳಿಸಿದ ಮೇಲೆ ಬಾಯಿ ಮುಚ್ಚಲು ಆಗುತ್ತಿಲ್ಲ ಅಂದರೂ ಅವತ್ತೇ ತೋರಿಸಬೇಕು. ವಯಸ್ಸು 50 ದಾಟಿದವರಿಗೆ ಅಗಿಯುತ್ತಾ ಹೋದಂತೆ ದವಡೆ ಸೋತು ಬರುತ್ತಿದ್ದರೆ, ಕಣತಲೆಯಲ್ಲಿ ಹೊಸ ನೋವು, ಕಣ್ಣು ಮಂಜು ಇದ್ದರೆ ಅದು ರಕ್ತನಾಳದ ಉರಿಯೂತ ಆಗಿರಬಹುದು. ನಮ್ಮಲ್ಲಿ ಅಪರೂಪ. ಆದರೆ ತಡಮಾಡಿದರೆ ದೃಷ್ಟಿ ಹೋಗುವ ಅಪಾಯ ಇದೆ.

ಇವ್ಯಾವುದೂ ಇಲ್ಲ ಅಂದರೆ ಒಂದು ಪೆನ್ನು ತೆಗೆದುಕೊಳ್ಳಿ.

ಹಂತ 2: ಎರಡು ದಿನ ಬರೆದಿಡಿ

ಏನು ತಿಂದಾಗ, ಯಾವ ಕಡೆ, ಎಂಥ ನೋವು, ತಿಂದು ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ಇತ್ತು. ಇಷ್ಟು ಸಾಕು. ಹೀಗಿರಲಿ:

‘ಬೆಳಿಗ್ಗೆ 7.30, ಬಿಸಿ ಕಾಫಿ, ಬಲಗಡೆ ಮೇಲೆ. ಲೋಟ ಇಟ್ಟ ಮೇಲೂ ಹತ್ತು ನಿಮಿಷ ನೋವು. 9 ಗಂಟೆ, ಇಡ್ಲಿ ಚಟ್ನಿ, ಏನೂ ಇಲ್ಲ. ಮಧ್ಯಾಹ್ನ ಚಪಾತಿ, ಕಚ್ಚಿದರೆ ಸ್ವಲ್ಪ. ರಾತ್ರಿ 2ಕ್ಕೆ ಸುಮ್ನೆ ಮಲಗಿದ್ದಾಗಲೇ ನೋವು, ಎಚ್ಚರವಾಯಿತು.’

ಈ ನಾಲ್ಕು ಸಾಲು ನೋಡಿದರೇ ಡಾಕ್ಟರಿಗೆ ಮುಕ್ಕಾಲು ಕಥೆ ಗೊತ್ತಾಗುತ್ತದೆ. ಸೆಕೆಂಡು ಎಣಿಸುವುದು ಮುಖ್ಯ. ತಣ್ಣೀರು ನುಂಗಿದ ಮೇಲೆ ಮನಸ್ಸಿನಲ್ಲೇ ಒಂದರಿಂದ ಮೂವತ್ತು ಎಣಿಸಿ. ಮೂವತ್ತರ ಒಳಗೆ ನೋವು ಹೋಯಿತೋ, ಇನ್ನೂ ಇದೆಯೋ?

ಮುದ್ದೆ ಉಣ್ಣುವ ಮನೆಯವರಿಗೆ ಒಂದು ಅನುಕೂಲ ಇದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ? ಮುದ್ದೆ ಉಂಡಾಗ ನೋವಿಲ್ಲ, ರೊಟ್ಟಿ ತಿಂದಾಗ ಇದೆ ಅಂದರೆ ಕಚ್ಚುವುದರಿಂದ, ಅಗಿಯುವುದರಿಂದ ಬಂದ ನೋವು. ಬಿಸಿ ಮುದ್ದೆ ನುಂಗಿದಾಗಲೂ ನೋವು ಬಂದರೆ ಬಿಸಿಯನ್ನೋ, ಬಾಯಿ ತೆರೆಯುವುದನ್ನೋ, ಜೊಲ್ಲು ಸುರಿಯುವುದನ್ನೋ ಅನುಮಾನಿಸಬೇಕು.

ಹಂತ 3: ಕನ್ನಡಿ, ಟಾರ್ಚ್, ಬೆರಳು

ಕೈ ತೊಳೆದು, ಮೊಬೈಲ್ ಟಾರ್ಚ್ ಹಾಕಿ ಕನ್ನಡಿ ಮುಂದೆ ನಿಲ್ಲಿ. ಕಪ್ಪು ಗುಂಡಿ, ಮುರಿದ ಅಂಚು, ಉದುರಿದ ಸಿಮೆಂಟ್ ಇದೆಯೇ ನೋಡಿ. ಕೆನ್ನೆಯನ್ನು ಬೆರಳಿನಿಂದ ಎಳೆದು ಒಸಡು ನೋಡಿ. ಹಲ್ಲಿನ ಬುಡದಲ್ಲಿ ಮೊಡವೆ ಥರ ಗುಳ್ಳೆ ಎದ್ದು, ಒತ್ತಿದರೆ ಉಪ್ಪುಪ್ಪು ಕೀವು ಬಂದರೆ ಆ ಹಲ್ಲಿನ ಬೇರಿನ ತುದಿಯಲ್ಲಿ ಸೋಂಕಿದೆ ಅಂತಲೇ ಲೆಕ್ಕ.

ಇನ್ನು ಚಮಚದ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟಿ. ಮೆಲ್ಲಗೆ ಅಂದರೆ ಮೆಲ್ಲಗೆ. ಒಂದು ಹಲ್ಲು ಬೇರೆಯವಕ್ಕಿಂತ ನೋಯುತ್ತಿದ್ದರೆ ಗುರುತು ಮಾಡಿಕೊಳ್ಳಿ. ಹಲ್ಲಿನ ಒಳಗಿನ ನರಕ್ಕೆ ನೋವು ಗೊತ್ತು, ಜಾಗ ಅಷ್ಟು ಗೊತ್ತಾಗುವುದಿಲ್ಲ. ಕೆಳಗಿನ ಹಲ್ಲು ಕೆಟ್ಟಿದ್ದರೂ ಮೇಲಿನದು ನೋಯುತ್ತಿದೆ ಅಂತ ಅನ್ನಿಸುತ್ತದೆ, ಕಿವಿ ನೋವು ಅಂತಲೂ ಅನ್ನಿಸಬಹುದು. ಆದರೆ ಬೇರನ್ನು ಮೂಳೆಗೆ ಹಿಡಿದಿರುವ ನಾರಿಗೆ ಜಾಗ ಕರಾರುವಾಕ್ಕಾಗಿ ಗೊತ್ತು. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ಯಾವ ಹಲ್ಲಿಗೆ ಸಿಕ್ಕಿತು ಅಂತ ತಿಳಿಯುವುದು ಅದರಿಂದಲೇ. ‘ಈ ಹಲ್ಲೇ’ ಅಂತ ಬೆರಳಿಟ್ಟು ತೋರಿಸಲು ಆಗುತ್ತಿದ್ದರೆ ತೊಂದರೆ ಆ ನಾರಿನವರೆಗೆ ಮುಟ್ಟಿರಬಹುದು. ‘ಈ ಕಡೆಯೆಲ್ಲಾ’ ಅಂತ ಅಂಗೈ ಇಟ್ಟು ತೋರಿಸುವಂತಿದ್ದರೆ ಇನ್ನೂ ನರದ ಮಟ್ಟದಲ್ಲೇ ಇರಬಹುದು, ಇಲ್ಲವೇ ಅದು ಹಲ್ಲೇ ಅಲ್ಲದಿರಬಹುದು.

ಕೊನೆಗೆ ಎರಡು ಸಣ್ಣ ಪರೀಕ್ಷೆ. ತೋರು, ನಡು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ನಿಲ್ಲುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ಬಾಯಿ ಅಷ್ಟು ತೆರೆಯಬೇಕು. ಆಮೇಲೆ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಆಡುವ ಗುಂಡು ದವಡೆಯ ಕೀಲು. ಒತ್ತಿದರೆ ನೋವೇ, ಕಟಕ್ ಅನ್ನುತ್ತದೆಯೇ, ಬಾಯಿ ಒಂದು ಕಡೆಗೆ ವಾಲಿ ತೆರೆಯುತ್ತದೆಯೇ ನೋಡಿ.

ಹಂತ 4: ಬರೆದದ್ದನ್ನು ಹೊಂದಿಸಿ ನೋಡಿ

ತಣ್ಣಗಿನದು, ಸಿಹಿ, ಹುಳಿ ತಾಕಿದಾಗ ಮಾತ್ರ ಜುಮ್ ಅಂದು, ಕೆಲವೇ ಸೆಕೆಂಡಿನಲ್ಲಿ ಹೋಗುವ ನೋವು ಎಲ್ಲಕ್ಕಿಂತ ಸೌಮ್ಯ. ಹಲ್ಲಿನ ಮೇಲಿನ ಗಟ್ಟಿ ಎನಾಮಲ್ ಸವೆದಿದೆ, ಅಥವಾ ಒಸಡು ಕೆಳಗೆ ಸರಿದು ಬೇರು ಬಯಲಾಗಿದೆ. ಒಳಪದರದಲ್ಲಿ ಕೂದಲಿಗಿಂತ ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ದ್ರವ ಇದೆ. ತಂಪು ತಾಕಿದಾಗ ಆ ದ್ರವ ಕದಲುತ್ತದೆ, ನರ ಎಚ್ಚರಾಗುತ್ತದೆ. ಮೆತ್ತನೆ ಬ್ರಷ್, ಜುಮ್ಮೆನ್ನುವ ಹಲ್ಲಿಗೆಂದೇ ಬರುವ ಪೇಸ್ಟ್, ಎರಡರಿಂದ ನಾಲ್ಕು ವಾರ ತಾಳ್ಮೆ. ಇದ್ದಿಲು ಪುಡಿ, ಉಪ್ಪು ಹಾಕಿ ಗಸಗಸ ಉಜ್ಜುವುದನ್ನು ನಿಲ್ಲಿಸಿ, ಇರುವ ಎನಾಮಲ್ಲೂ ಹೋಗುತ್ತದೆ. ನಿಂಬೆ ಶರಬತ್ತು, ಹುಣಸೆಹಣ್ಣು ತಿಂದ ಕೂಡಲೇ ಹಲ್ಲುಜ್ಜಬೇಡಿ, ಅರ್ಧ ಗಂಟೆ ಬಿಡಿ. ಆದರೆ ಒಂದೇ ಹಲ್ಲಿಗೆ ಜುಮ್ ಅಂದರೆ ಪೇಸ್ಟ್ ನಂಬಿ ಕೂರಬೇಡಿ, ಅಲ್ಲಿ ಹುಳುಕು ಇರಬಹುದು.

ಮೂವತ್ತು ಎಣಿಸಿದರೂ ಹೋಗದ ನೋವು, ಬಿಸಿ ಕಾಫಿಗೆ ಕೆರಳುವ ನೋವು, ಮಲಗಿದರೆ ಜಾಸ್ತಿಯಾಗುವ ನೋವು ಬೇರೆ ಜಾತಿಯದು. ಹುಳುಕು ನರದವರೆಗೆ ಹೋಗಿದೆ. ಕೆಲವರು ತಣ್ಣೀರಿನ ಬಾಟಲಿ ಹಿಡಿದೇ ಕ್ಲಿನಿಕ್ಕಿಗೆ ಬರುತ್ತಾರೆ. ಗುಟುಕು ನೀರು ಬಾಯಲ್ಲಿ ಇದ್ದಷ್ಟು ಹೊತ್ತು ಆರಾಮ, ಬಿಸಿಯಾದ ಕೂಡಲೇ ಮತ್ತೆ ನೋವು. ಈ ಹಂತಕ್ಕೆ ಬಂದ ನರ ತಾನಾಗಿ ಸರಿಹೋಗುವುದಿಲ್ಲ. ರೂಟ್ ಕೆನಾಲ್ (ಒಳಗಿನ ಕೆಟ್ಟ ನರ ತೆಗೆದು ತುಂಬುವುದು) ಅಥವಾ ಹಲ್ಲು ಕೀಳಿಸುವುದು, ಹೆಚ್ಚಾಗಿ ಎರಡೇ ದಾರಿ. ಇಲ್ಲೊಂದು ಮೋಸ ಇದೆ. ಒಂದು ವಾರ ಕುಣಿಸಿದ ನೋವು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ‘ಲವಂಗ ಇಟ್ಟೆ, ವಾಸಿಯಾಯಿತು’ ಅಂತ ಖುಷಿಪಡುತ್ತೇವೆ. ನಿಜಕ್ಕೂ ನರ ಸತ್ತಿರುತ್ತದೆ. ಕೆಲವು ವಾರವೋ ತಿಂಗಳೋ ಬಿಟ್ಟು ಅದೇ ಹಲ್ಲು ಕಚ್ಚಿದರೆ ನೋಯುತ್ತದೆ, ಸ್ವಲ್ಪ ಉದ್ದವಾದ ಹಾಗೆ ಅನ್ನಿಸುತ್ತದೆ. ಆಗ ಬುಡದಲ್ಲಿ ಕೀವು.

ಕಚ್ಚಿದಾಗ ಮಾತ್ರ ಬರುವ ನೋವಿಗೆ ಇನ್ನೂ ಮೂರು ಕಾರಣ ನೋಡಿ. ಒಂದು ನನ್ನದರಂತೆ ಸೀಳು. ದೊಡ್ಡ ಹಳೆಯ ಫಿಲ್ಲಿಂಗ್ ಇರುವ ಹಲ್ಲು, ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ಅಡಿಕೆ ಕಡಿಯುವ ಅಭ್ಯಾಸ ಇರುವವರಿಗೆ ಇದು ಜಾಸ್ತಿ. ಇನ್ನೊಂದು, ಇತ್ತೀಚೆಗೆ ಸಿಮೆಂಟ್ ತುಂಬಿಸಿದ್ದರೆ ಅದು ಕೂದಲೆಳೆ ಎತ್ತರ ಆಗಿರುವುದು. ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ ನೋಡಿ, ಐದು ನಿಮಿಷದಲ್ಲಿ ಉಜ್ಜಿ ಸರಿಮಾಡುತ್ತಾರೆ. ಮೂರನೆಯದು ಪಾಪ, ಏನೂ ಅಲ್ಲದ್ದು: ನುಗ್ಗೆಕಾಯಿ ನಾರು, ಮಾಂಸದ ನಾರು ಸಂದಿಯಲ್ಲಿ ಸಿಕ್ಕಿ ಒಸಡು ಊದುವುದು. ಹಲ್ಲಿನ ದಾರದಿಂದ (ಫ್ಲಾಸ್) ತೆಗೆದರೆ ಆಯಿತು. ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ. ಅದೇ ಸಂದಿಯಲ್ಲಿ ಪದೇ ಪದೇ ಸಿಕ್ಕುತ್ತಿದ್ದರೆ ಅಲ್ಲಿ ಹುಳುಕೋ ಸಡಿಲವೋ ಇದೆ ಅಂತ ತೋರಿಸಿ.

ಹದಿನೇಳರಿಂದ ಇಪ್ಪತ್ತೈದರ ವಯಸ್ಸಿನವರಿಗೆ ತೀರಾ ಹಿಂದೆ ನೋವು, ಬಾಯಿ ತೆರೆಯಲು ಕಷ್ಟ, ನುಂಗಿದರೆ ನೋವು ಅಂದರೆ ಹೆಚ್ಚಾಗಿ ಬುದ್ಧಿ ಹಲ್ಲು. ಅರ್ಧ ಹುಟ್ಟಿದ ಹಲ್ಲಿನ ಮೇಲೆ ಒಸಡಿನ ಮುಚ್ಚಳ ಇರುತ್ತದೆ, ಅದರ ಅಡಿಗೆ ಅನ್ನ ಸೇರಿ ಕೊಳೆಯುತ್ತದೆ. ಮೇಲಿನ ಸಾಲಿನ ಹಿಂದಿನ ನಾಲ್ಕಾರು ಹಲ್ಲು ಒಟ್ಟಿಗೆ ನೋಯುತ್ತಾ, ಬಗ್ಗಿದರೆ ಜಾಸ್ತಿಯಾಗುತ್ತಾ, ಜೊತೆಗೆ ಮೂಗು ಕಟ್ಟಿದ್ದರೆ ಅದು ಸೈನಸ್. ಹಲ್ಲಿನ ಬೇರುಗಳು ಸೈನಸ್ಸಿನ ತಳಕ್ಕೆ ಅಷ್ಟು ಹತ್ತಿರ ಇವೆ.

ದವಡೆಯ ಕೀಲಿನ ನೋವು ಕಿವಿಯ ಮುಂದೆ ಇರುತ್ತದೆ. ಎಷ್ಟೋ ಜನ ಮೊದಲು ಕಿವಿ ಡಾಕ್ಟರ ಹತ್ತಿರವೇ ಹೋಗುತ್ತಾರೆ. ಚಪಾತಿ, ಮಾಂಸ, ಕಬ್ಬು ಅಗಿದರೆ ಜಾಸ್ತಿ. ಬೆಳಿಗ್ಗೆ ಎದ್ದಾಗ ದವಡೆ ಬಿಗಿ ಇದ್ದರೆ ರಾತ್ರಿ ಹಲ್ಲು ಕಡಿಯುತ್ತಿದ್ದೀರಿ ಅಂತ ಅನುಮಾನ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ನೋವಿಲ್ಲದೆ ಬರೀ ಕಟಕ್ ಅಂದರೆ ಹೆದರಬೇಕಿಲ್ಲ. ನೋವಿದ್ದರೆ ಎರಡು ವಾರ ಮೆತ್ತನೆ ಊಟ: ಇಡ್ಲಿ, ಬಿಸಿಬೇಳೆ ಬಾತ್, ಮೊಸರನ್ನ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ. ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ ಆನಿಸಿ. ಈಗ ಇದನ್ನು ಓದುತ್ತಿರುವಾಗ ನಿಮ್ಮ ಮೇಲಿನ, ಕೆಳಗಿನ ಹಲ್ಲು ತಾಕುತ್ತಿವೆಯಾ? ತಾಕಬಾರದು. ಅಗಿಯುವಾಗ, ನುಂಗುವಾಗ ಬಿಟ್ಟರೆ ಉಳಿದ ಹೊತ್ತು ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ಕಂಪ್ಯೂಟರಿನ ಮುಂದೆ ಹಲ್ಲು ಕಚ್ಚಿ ಕೆಲಸ ಮಾಡುವವರಿಗೆ ಈ ಒಂದು ಅಭ್ಯಾಸವೇ ಅರ್ಧ ಔಷಧಿ. ಹೆಚ್ಚಿನವರಿಗೆ ಆಪರೇಷನ್ ಮಾತೇ ಬರುವುದಿಲ್ಲ.

ಊಟ ಶುರುವಾದ ಕೂಡಲೇ, ಕೆಲವೊಮ್ಮೆ ಉಪ್ಪಿನಕಾಯಿ ನೆನೆದು ಬಾಯಲ್ಲಿ ನೀರೂರಿದಾಗಲೇ, ಗದ್ದದ ಅಡಿ ಒಂದು ಕಡೆ ಗಂಟಿನಂತೆ ಊದಿ ನೋಯುತ್ತದೆ. ಊಟವಾಗಿ ಗಂಟೆ ಎರಡು ಗಂಟೆಗೆ ಇಳಿದುಹೋಗುತ್ತದೆ. ಅದು ಜೊಲ್ಲಿನ ಗ್ರಂಥಿಯ ನಾಳದಲ್ಲಿ ಕೂತ ಕಲ್ಲಿನ ಲಕ್ಷಣ. ಹಲ್ಲಿಗೆ ಸಂಬಂಧವೇ ಇಲ್ಲ. ಸಣ್ಣ ಕಲ್ಲಾದರೆ ಚೆನ್ನಾಗಿ ನೀರು ಕುಡಿದು, ನಿಂಬೆ ಚೀಪಿ, ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀವಿದರೆ ಹೊರಬರುವುದೂ ಉಂಟು. ಜ್ವರ, ಕೀವು ಇದ್ದರೆ ನೀವಬೇಡಿ, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ.

ಇನ್ನು ನಮ್ಮ ಚಿಕ್ಕಮ್ಮನ ಕಥೆ. ಅರವತ್ತು ದಾಟಿತ್ತು. ತುತ್ತು ಬಾಯಿಗಿಟ್ಟರೆ ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ. ಕೆಲವು ಸೆಕೆಂಡು, ಅಷ್ಟೇ. ಮುಖ ತೊಳೆದರೂ, ಫ್ಯಾನಿನ ಗಾಳಿ ತಾಕಿದರೂ ಬರುತ್ತಿತ್ತು. ಕೆನ್ನೆಗೆ ಸೆರಗು ಅಡ್ಡ ಹಿಡಿದೇ ಕೂರುತ್ತಿದ್ದರು. ಹಲ್ಲಿನದೇ ಅಂತ ಒಂದು ಕಡೆ ಎರಡು ಹಲ್ಲು ಕಿತ್ತರು. ನೋವು ಇದ್ದಲ್ಲೇ ಇತ್ತು. ಕೊನೆಗೆ ನರರೋಗದ ಡಾಕ್ಟರು ಇದು ಮುಖದ ನರದ ನೋವು, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂದರು. ಇದಕ್ಕೆ ಪ್ಯಾರಾಸಿಟಮಾಲ್ ನಾಟುವುದಿಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪೀನ್ ಎಂಬ ಮಾತ್ರೆಯನ್ನು ಡಾಕ್ಟರು ಅಳೆದು ಕೊಡುತ್ತಾರೆ, ಎಂಆರ್‌ಐ ಮಾಡಿಸುತ್ತಾರೆ. ಮಿಂಚಿನಂಥ, ಒಂದೇ ಕಡೆಯ, ಚರ್ಮ ಮುಟ್ಟಿದರೂ ಬರುವ ನೋವಿದ್ದರೆ ಕಾರಣ ಖಚಿತವಾಗುವವರೆಗೆ ಯಾವ ಹಲ್ಲನ್ನೂ ಕೀಳಿಸಬೇಡಿ.

ಅಡಿಕೆ, ಗುಟ್ಕಾ ಜಗಿಯುವವರು ಈ ಸಾಲನ್ನು ದಾಟಿ ಹೋಗಬೇಡಿ. ಖಾರ ತಿಂದರೆ ಬಾಯೆಲ್ಲ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದೆ, ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಈಗ ಎರಡೇ ಹೋಗುತ್ತಿದೆ ಅಂದರೆ ಒಳಗಿನ ಪದರ ನಾರುಗಟ್ಟುತ್ತಿದೆ. ಇದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ತೋಟದವರ ಮನೆಯಲ್ಲಿ ಈ ಮಾತು ರುಚಿಸುವುದಿಲ್ಲ ಅಂತ ನನಗೂ ಗೊತ್ತು. ಬಾಯಿ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ನೋವಿಲ್ಲದಿದ್ದರೂ, ತೋರಿಸಲೇಬೇಕು.

ಹಂತ 5: ಈ ರಾತ್ರಿ ಕಳೆಯುವುದು ಹೇಗೆ

ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ತಲೆಯ ಕೆಳಗೆ ಎರಡು ದಿಂಬು ಇಟ್ಟು ಮಲಗಿ. ದೊಡ್ಡವರು, ಲಿವರ್ ತೊಂದರೆ ಇಲ್ಲದವರು ಪ್ಯಾರಾಸಿಟಮಾಲ್ 650 ಒಂದು ತೆಗೆದುಕೊಳ್ಳಬಹುದು, ಇನ್ನೊಂದಕ್ಕೆ ಆರು ಗಂಟೆ ಅಂತರ ಇರಲಿ. ನೆಗಡಿ ಮಾತ್ರೆಯಲ್ಲೂ ಅದೇ ಔಷಧಿ ಇರುತ್ತದೆ, ಎರಡೂ ಸೇರಿಸಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬೇಡಿ.

ಲವಂಗದ ಎಣ್ಣೆ ಕೆಲಸ ಮಾಡುತ್ತದೆ, ಅದರಲ್ಲಿನ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕು ಮಾಡುತ್ತದೆ. ಹತ್ತಿಗೆ ಒಂದೇ ಹನಿ, ಹಲ್ಲಿನ ಗುಂಡಿಯೊಳಗೆ ಮಾತ್ರ. ಒಸಡಿಗೆ ಸುರಿದುಕೊಂಡರೆ ಸುಡುತ್ತದೆ. ಮಾತ್ರೆಯನ್ನು ಪುಡಿ ಮಾಡಿ ಹಲ್ಲಿನ ಪಕ್ಕ ಒತ್ತಿಡುವ ರೂಢಿ ಇದೆಯಲ್ಲ, ಅದೂ ಒಸಡನ್ನು ಸುಡುವುದೇ.

ಶಾಖದ ವಿಷಯ ಗೊಂದಲ ಬೇಡ. ಕೀಲು, ಸ್ನಾಯು ನೋವಿಗೆ ಬಿಸಿ ಶಾಖ ಒಳ್ಳೆಯದು. ಹಲ್ಲಿನ ಕೀವಿನಿಂದ ಕೆನ್ನೆ ಊದಿದ್ದರೆ ಬಿಸಿ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಮೆಡಿಕಲ್ ಶಾಪಿನಲ್ಲಿ ‘ಹಲ್ಲು ನೋವಿಗೆ ಒಂದು ಕೋರ್ಸ್’ ಅಂತ ಕೇಳಿ ಆಂಟಿಬಯೋಟಿಕ್ ನುಂಗುವುದೂ ವ್ಯರ್ಥ. ಊತ, ಜ್ವರ ಇಲ್ಲದ ನರದ ನೋವಿಗೆ ಅದು ಕೆಲಸ ಮಾಡುವುದಿಲ್ಲ.

ಹಂತ 6: ಡಾಕ್ಟರ ಕುರ್ಚಿಯಲ್ಲಿ

ಚೀಟಿಯನ್ನು ಕೈಗೆ ಕೊಡಿ. ಶುಗರ್, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಹಲ್ಲು ಕೀಳುವ ಮಾತು ಬರುವ ಮೊದಲೇ ಹೇಳಿ. ತಣ್ಣನೆಯ ಹತ್ತಿ ಇಟ್ಟು ನೋಡಿದಿರಾ, ಒಂದೊಂದೇ ಹಲ್ಲು ಕಚ್ಚಿಸಿ ನೋಡುತ್ತೀರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ರೂಟ್ ಕೆನಾಲ್ ಅಂದರೆ ಯಾವ ಹಲ್ಲಿಗೆ, ಯಾಕೆ, ಕ್ಯಾಪ್ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ.

ಚೀಟಿಯಲ್ಲಿ 36 ಅಂತ ಇದ್ದರೆ ಗಾಬರಿ ಬೇಡ, ಬಾಯಲ್ಲಿ ಇರುವುದು 32 ಹಲ್ಲೇ. ಮೊದಲ ಅಂಕಿ ಬಾಯಿಯ ಕಾಲುಭಾಗ: 1 ಮೇಲೆ ಬಲ, 2 ಮೇಲೆ ಎಡ, 3 ಕೆಳಗೆ ಎಡ, 4 ಕೆಳಗೆ ಬಲ. ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಅನ್ನುವುದು. 36 ಅಂದರೆ ಕೆಳಗಿನ ಎಡಭಾಗದ ಆರನೆಯ ಹಲ್ಲು. ಮಕ್ಕಳಿಗೆ ಇದು ಆರನೇ ವರ್ಷದ ಸುಮಾರಿಗೇ ಹುಟ್ಟುತ್ತದೆ. ಹಾಲು ಹಲ್ಲು ಬಿದ್ದು ಬಂದದ್ದಲ್ಲವಾದ್ದರಿಂದ ಅಪ್ಪ ಅಮ್ಮ ಇದನ್ನೂ ಹಾಲು ಹಲ್ಲು ಅಂತ ಅಂದುಕೊಂಡು ಹುಳುಕಾಗಲು ಬಿಡುತ್ತಾರೆ. ನನಗೆ ಸೀಳು ಬಿಟ್ಟದ್ದೂ 36ನೆಯದೇ.

ದುಡ್ಡಿನ ಚಿಂತೆ ಇದ್ದರೆ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಕಾಲೇಜಿದೆ. ದಾವಣಗೆರೆ, ಮಂಗಳೂರು, ಧಾರವಾಡದಲ್ಲೂ ದಂತ ಕಾಲೇಜುಗಳಿವೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಬಂದು ನೋಡುತ್ತಾರೆ. ಎರಡು ಮೂರು ಸಲ ಓಡಾಡಬೇಕು, ಖರ್ಚು ತುಂಬಾ ಕಡಿಮೆ.

ಇಂಜೆಕ್ಷನ್ ಕೊಟ್ಟ ಮೇಲೆ ಜೋಮು ಬಿಡಲು ಎರಡು ಮೂರು ಗಂಟೆ ಬೇಕು. ಅಲ್ಲಿಯವರೆಗೆ ಅಗಿಯಬೇಡಿ, ಬಿಸಿ ಕುಡಿಯಬೇಡಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಜೋಮು ಬಿಟ್ಟ ಮೇಲೆ ಹಲ್ಲುಗಳನ್ನು ಕೂಡಿಸಿ ನೋಡಿ. ಹೊಸ ಕ್ಯಾಪೇ ಮೊದಲು ತಾಕುತ್ತಿದ್ದರೆ ‘ಅಭ್ಯಾಸ ಆಗುತ್ತದೆ’ ಅಂತ ಸುಮ್ಮನಿರಬೇಡಿ, ಮಾರನೆಯ ದಿನವೇ ಹೋಗಿ ಉಜ್ಜಿಸಿಕೊಂಡು ಬನ್ನಿ. ನಾನು ನಾಲ್ಕು ದಿನ ಕಾದು, ಎದುರು ಹಲ್ಲಿನ ನೋವನ್ನೂ ತಂದುಕೊಂಡಿದ್ದೆ.